ಸಂಘಭೇದ: ಕಾರ್ಮಿಕ ಮಹಾಸಂಘಗಳನ್ನು ಕುರಿತು ಒಂದು ಶಬ್ದವಿಚಾರ

ಮಳಖೇಡದ ಕೋಟೆಯ ಹಾಳುಬುರುಜಿನ ಮೇಲೆ ನಿಂತು ನೋಡುವವರಿಗೆ ಕೆಳಗೆ ಕಾಗಿಣಾ ನದಿಯೂ ದೂರದಲ್ಲಿ ಸಿಮೆಂಟು ಕಾರ್ಖಾನೆಯ ಹೊಗೆಕೊಳವಿಗಳೂ ಕಾಣಬರುತ್ತವೆ. ರಾಷ್ಟ್ರಕೂಟರ ಮಾನ್ಯಖೇಟವೆಂದು, ನೃಪತುಂಗನ ರಾಜಧಾನಿಯೆಂದು ಕನ್ನಡಿಗರಿಗೆಲ್ಲ ಪ್ರಿಯವಾದ ಈ ನೆಲವು ಇಂದು ಬಹುಮಟ್ಟಿಗೆ ಸುಣ್ಣಕಲ್ಲಿನಿಂದ ಬದುಕುತ್ತಿರುವುದು. ಶಹಾಬಾದ, ವಾಡಿ, ಸೇಡಂ, ಚಿತ್ತಾಪುರ ಎಂಬ ಹೆಸರುಗಳನ್ನು ಶಾಸನಪಾಠಕರಿಗಿಂತ ಹೆಚ್ಚಾಗಿ ಸಿಮೆಂಟಿನ ವರ್ತಕರು ಬಲ್ಲರು.

ಈ ಪ್ರಾಂತದಲ್ಲಿ ವಾಸವಾಗಿರುವ ನನ್ನಲ್ಲಿಗೆ ಕೆಲವು ವರ್ಷಗಳ ಹಿಂದೆ ಒಂದು ಕಾರ್ಮಿಕ ಸಂಘದ ತರುಣನೊಬ್ಬನು ಬಂದನು. ಅವರ ಸಂಘದ ವಾರ್ಷಿಕೋತ್ಸವಕ್ಕೆ ಹಸ್ತಪತ್ರಿಕೆಯೊಂದನ್ನು ಅಚ್ಚು ಹಾಕಿಸುವುದಿತ್ತು. ನಮ್ಮ ಪೂರ್ವಿಕರಲ್ಲಿಯೂ ಟ್ರೇಡ್ ಯೂನಿಯನ್ನುಗಳಿದ್ದುವೆಂಬುದಕ್ಕೆ ಸಂಸ್ಕೃತದಿಂದ ಪ್ರಮಾಣ ಬೇಕು, 'ಶ್ರೇಣಿ' ಎಂಬ ಶಬ್ದವನ್ನು ಕೇಳಿದ್ದೇನೆ, ಅದನ್ನು ವಿವರಿಸಬೇಕು ಎಂದು ಅವನ ಪ್ರಾರ್ಥನೆ. ತಿಳಿದಷ್ಟನ್ನು ಹೇಳಿ ಕಳುಹಿಸಿದೆನು. ಹದಿನೈದು ದಿನಗಳಾಗುವುದರೊಳಗೆ ಅದೇ ಕಾರ್ಖಾನೆಯ ಮತ್ತೊಂದು ಸಂಘದವನು ಬಂದು ಅದೇ ಪ್ರಮಾಣವನ್ನೇ ಬೇಡಿದನು. ಧ್ವಜದ ಬಣ್ಣ ಮಾತ್ರ ಬೇರೆ. ಒಂದೇ ಕುಲುಮೆಯ ಮುಂದೆ ದುಡಿಯುವವರಿಗೆ ಎರಡು ಸಂಘಗಳೇಕೆಂದು ಕೇಳಿದುದಕ್ಕೆ "ಅವರ್ದು ಬ್ಯಾರೆ ಪಾರ್ಟಿ ಅದರಿ, ಆಚಾರ್ಯರ" ಎಂದು ಉತ್ತರ ಬಂತು. ಮೊದಲಿನವನನ್ನು ದಾರಿಯಲ್ಲಿ ಕಂಡು ಅದನ್ನೇ ಕೇಳಿದಾಗ ಅವನೂ ಇದೇ ಮಾತನ್ನು ಆಡಿದನು. ಪ್ರಕೃತ ಲೇಖನಕ್ಕೆ ಕಾರಣವಾದುದು ಈ ಉತ್ತರವೇ. ಕಾರ್ಮಿಕರ ಮಹಾಸಂಘಗಳು ರಾಜಕೀಯ ಪಕ್ಷಗಳನ್ನು ಅನುಸರಿಸಿ ಒಡೆದುದು ಹೇಗೆ, 'ಸಂಘ' 'ಭೇದ' ಎಂಬ ನಮ್ಮ ಹಳೆಯ ಶಬ್ದಗಳು ಈ ವಿಷಯದಲ್ಲಿ ಏನಾದರೂ ಬೆಳಕು ಕೊಡುವುವೇ ಎಂಬುದನ್ನು ವಿಚಾರಿಸುವೆನು.

ಮೊದಲು ಒಂದು ಭ್ರಾಂತಿಯನ್ನು ಪರಿಹರಿಸಬೇಕಾಗಿದೆ. ಶ್ರೇಣಿಯೇ ಇಂದಿನ ಕಾರ್ಮಿಕ ಸಂಘದ ಪೂರ್ವರೂಪವೆಂದು ಪಠ್ಯಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಹೇಳುವುದು ರೂಢಿಯಾಗಿದೆ. ಇದು ಸರಿಯಲ್ಲ. ನಾಸಿಕದ ಗುಹಾಶಾಸನದಲ್ಲಿ ಉಷವದಾತನು ಗೋವರ್ಧನದ ನೇಯ್ಗೆಯವರ ಎರಡು ಶ್ರೇಣಿಗಳಲ್ಲಿ ಒಟ್ಟು 3000 ಕಾರ್ಷಾಪಣಗಳನ್ನು ಬಡ್ಡಿಗೆ ಇಟ್ಟನೆಂದಿದೆ. ಮಂದಸೋರಿನ ಶಾಸನದಲ್ಲಿ ಲಾಟದೇಶದಿಂದ ಬಂದ ಪಟ್ಟೆ ನೇಯುವವರ ಶ್ರೇಣಿಯೊಂದು ತನ್ನ ಹಣದಿಂದಲೇ ಸೂರ್ಯದೇವಾಲಯವನ್ನು ಕಟ್ಟಿಸಿ, 473ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿತು. ಇವರು ಮಗ್ಗದ ಒಡೆಯರು. ರಾಜನ ಅಳಿಯನೇ ನಂಬಿ ಹಣವಿಡುವಷ್ಟು ಬಂಡವಾಳವುಳ್ಳವರು. ದಿನಗೂಲಿಗೆ ದುಡಿಯುವವನು ಶ್ರೇಣಿಯ ಸದಸ್ಯನಲ್ಲ, ಅದರ ಆಳು. ಧರ್ಮಶಾಸ್ತ್ರದ ವಿಭಾಗವೂ ಇದನ್ನೇ ತೋರಿಸುತ್ತದೆ. ಹದಿನೆಂಟು ವ್ಯವಹಾರಪದಗಳಲ್ಲಿ ಸಂಬಳವನ್ನು ಕೊಡದಿರುವ ವಿವಾದಕ್ಕೆ ವೇತನಾದಾನವೆಂಬ ಒಂದು ಪ್ರಕರಣ. ಸಮೂಹಗಳು ತಮ್ಮ ಕಟ್ಟಳೆಯನ್ನು ಮೀರಿದರೆ ಸಂವಿದ್ವ್ಯತಿಕ್ರಮವೆಂಬ ಬೇರೊಂದು ಪ್ರಕರಣ. ಆಳಿಗೆ ನ್ಯಾಯವಿತ್ತು, ಸಮೂಹಕ್ಕೂ ನ್ಯಾಯವಿತ್ತು. ಆಳುಗಳ ಸಮೂಹವೆಂಬುದಕ್ಕೆ ಪ್ರತ್ಯೇಕ ಪ್ರಕರಣವಿರಲಿಲ್ಲ. ಈ ಎರಡು ಪ್ರಕರಣಗಳನ್ನು ಕೂಡಿಸಿದುದೇ ಆಧುನಿಕ ಕಾರ್ಮಿಕ ಸಂಘದ ವೈಶಿಷ್ಟ್ಯವೆಂದು ನನ್ನ ಮತ.

ಹಾಗೆಂದರೆ ಹಳೆಯ ಭಾಷೆಯಲ್ಲಿ ಅದಕ್ಕೆ ಸಮೀಪವಾದ ಶಬ್ದವೇ ಇಲ್ಲವೆಂದಲ್ಲ. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ 'ವ್ರಾತ' ಶಬ್ದದಿಂದ 'ವ್ರಾತೀನ' ಎಂಬ ರೂಪವನ್ನು ಸಾಧಿಸಿದ್ದಾನೆ. ಅಲ್ಲಿ ಮಹಾಭಾಷ್ಯಕಾರನು ವ್ರಾತವನ್ನು ವಿವರಿಸುವ ಬಗೆ ಗಮನಾರ್ಹವಾದುದು: ಅದರವರು ಬೇರೆಬೇರೆ ಜಾತಿಗಳವರು, ಅವರಿಗೆ ನಿಯತವಾದ ವೃತ್ತಿಯಿಲ್ಲ, ಜೀವನವು ಉತ್ಸೇಧದಿಂದ, ಎಂದರೆ ಕಾಶಿಕಾಕಾರರು ಬಿಡಿಸಿ ಹೇಳುವಂತೆ, ಮೈಯ ದುಡಿಮೆಯಿಂದ. ಜಾತಿಯೊಂದೇ ಅಲ್ಲದ, ಕಸುಬೊಂದೇ ಅಲ್ಲದ, ಕೇವಲ ದೇಹಬಲದಿಂದ ಬದುಕುವ ಜನರ ಕೂಟ! ಕಾರ್ಖಾನೆಯ ಬಾಗಿಲಲ್ಲಿ ಪಾಳಿ ಬದಲಾಗುವ ಹೊತ್ತಿನಲ್ಲಿ ನಿಂತು ನೋಡಿದವರಿಗೆ ಈ ಲಕ್ಷಣವನ್ನು ಮತ್ತೆ ವಿವರಿಸಬೇಕಾಗಿಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಬರುವ 'ಗಣ' ಶಬ್ದಕ್ಕೆ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ರಾತವೆಂದೇ ಅರ್ಥ ಹೇಳಿ, ಆಯುಧಜೀವಿಗಳೇ ಮೊದಲಾದ ಏಕಕರ್ಮೋಪಜೀವಿಗಳನ್ನು ಉದಾಹರಿಸಿದ್ದಾನೆ. ಶಹಾಬಾದದ ಬಳಿಯ ಮರತೂರು ಈತನ ಊರೆಂದು ಈ ಪ್ರಾಂತದಲ್ಲಿ ಪ್ರಸಿದ್ಧಿ. ಆರನೆಯ ವಿಕ್ರಮಾದಿತ್ಯನ ಕಾಲದ ಆ ವ್ಯಾಖ್ಯಾನಕಾರನ ಊರ ನೆರೆಯಲ್ಲಿಯೇ ಹೈದರಾಬಾದ ಸಂಸ್ಥಾನದ ಸಿಮೆಂಟು ಉದ್ಯಮವು ತಲೆಯೆತ್ತಿದುದು ಒಂದು ಯೋಗಾಯೋಗವೇ ಸರಿ.

ಇನ್ನು ಭೇದದ ವಿಷಯಕ್ಕೆ ಬರೋಣ. ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು 1920ನೆಯ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಜನಿಸಿತು. ಅದರ ಹಿಂದಿನ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸ್ಥಾಪಿತವಾಗಿ, ಭಾರತದ ಕಾರ್ಮಿಕರ ಪರವಾಗಿ ಪ್ರತಿನಿಧಿಯನ್ನು ಆರಿಸುವವರಾರೆಂಬ ಪ್ರಶ್ನೆ ಹುಟ್ಟಿದ್ದುದು ಈ ಜನನಕ್ಕೆ ಒಂದು ನಿಮಿತ್ತ. ಪ್ರಾತಿನಿಧ್ಯದ ಪ್ರಶ್ನೆಯೊಡನೆ ಹುಟ್ಟಿದ ಮಹಾಸಂಘವು ಅದೇ ಪ್ರಶ್ನೆಯಿಂದ ಮುಂದೆ ಅನೇಕ ಸಲ ಒಡೆಯಿತು. 1929ರಲ್ಲಿ ನಾಗಪುರದ ಅಧಿವೇಶನದಲ್ಲಿ ಜವಾಹರಲಾಲ ನೆಹರೂ ಅಧ್ಯಕ್ಷರಾಗಿದ್ದಾಗ ರಾಯಲ್ ಕಮಿಷನ್ನನ್ನು ಬಹಿಷ್ಕರಿಸಬೇಕೆಂಬ ವಿಷಯದಲ್ಲಿಯೂ ಹೊರದೇಶದ ಸಂಸ್ಥೆಗಳ ಸಂಬಂಧದಲ್ಲಿಯೂ ಜಗಳವೆದ್ದು ಎನ್.ಎಂ. ಜೋಶಿ ಮುಂತಾದ ಸೌಮ್ಯರು ಹೊರಬಿದ್ದರು. 1931ರಲ್ಲಿ ಕಲಕತ್ತೆಯಲ್ಲಿ ಕಮ್ಯೂನಿಸ್ಟರು ಬೇರೆಯಾಗಿ 'ಕೆಂಪು' ಕಾಂಗ್ರೆಸ್ಸನ್ನು ಕಟ್ಟಿ, 1935ರಲ್ಲಿ ಮರಳಿದರು. 1940ರಲ್ಲಿ ಜೋಶಿಯವರ ಕಡೆಯವರೂ ಪೂರ್ಣವಾಗಿ ಕೂಡಿದರು. ಕೂಡಿದ ಮರುವರ್ಷವೇ, ಮಹಾಯುದ್ಧಕ್ಕೆ ಬೆಂಬಲ ಕೊಡುವ ಪ್ರಶ್ನೆಯಿಂದ, ಎಂ.ಎನ್. ರಾಯರ ಅನುಯಾಯಿಗಳು ಇಂಡಿಯನ್ ಫೆಡರೇಷನ್ ಆಫ್ ಲೇಬರ್ ಎಂಬುದನ್ನು ನಿಲ್ಲಿಸಿದರು. ಯುದ್ಧಪ್ರಚಾರಕ್ಕೆಂದು ಸರಕಾರದಿಂದ ತಿಂಗಳಿಗೆ 13,000 ರೂಪಾಯಿಗಳ ಸಹಾಯವು ಅದಕ್ಕೆ ಸಿಕ್ಕುತ್ತಿದ್ದುದು ಬಹಳ ಚರ್ಚೆಗೆ ಎಡೆಯಾಯಿತು.

ನಮ್ಮ ಈ ತಾಲ್ಲೂಕುಗಳೆಲ್ಲ ಆಗ ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದುವು. ಸಂಸ್ಥಾನದಲ್ಲಿ ಕಾರ್ಮಿಕ ಚಳವಳಿಯು ತಡವಾಗಿ ಬೆಳೆದು, 1946ರಲ್ಲಿ ಅಖಿಲ ಹೈದರಾಬಾದ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಸ್ಥಾಪಿತವಾಯಿತು. ಇದು ಅಖಿಲ ಭಾರತ ಸಂಸ್ಥೆಯ ಅಂಗವಾಗಿದ್ದು ಕಮ್ಯೂನಿಸ್ಟ್ ಪಕ್ಷದ ನಾಯಕತ್ವದಲ್ಲಿತ್ತು. ಇದರ ಅಧ್ಯಕ್ಷರಾದವರು ಮಖ್ದೂಮ್ ಮೊಹಿಯುದ್ದೀನ್. ಸಾಹಿತ್ಯದ ಅಧ್ಯಾಪಕರಾದ ವಾಚಕರಿಗೆ ಈ ಹೆಸರು ಬೇರೆ ದಾರಿಯಿಂದ ಪರಿಚಿತವಾಗಿರಬಹುದು: ಇವರು ಹೈದರಾಬಾದದ ಸಿಟಿ ಕಾಲೇಜಿನಲ್ಲಿ ಉರ್ದು ಅಧ್ಯಾಪಕರಾಗಿದ್ದವರು, 1944ರಲ್ಲಿ 'ಸುರ್ಖ್ ಸವೇರಾ' ಎಂಬ ಕವನಸಂಗ್ರಹವನ್ನು ಪ್ರಕಟಿಸಿದವರು. ಕಾವ್ಯವನ್ನೂ ಕಾರ್ಮಿಕ ಸಂಘವನ್ನೂ ಒಂದೇ ಕೈಯಲ್ಲಿ ಹಿಡಿದ ಇಂಥ ಪುರುಷರು ವಿರಳ. ಆದರೆ ಸಂಘದ ಭಾಗ್ಯವು ಪಕ್ಷದ ಭಾಗ್ಯಕ್ಕೆ ಕಟ್ಟಲ್ಪಟ್ಟಿತ್ತು. ತೆಲಂಗಾಣದ ಸಶಸ್ತ್ರ ಹೋರಾಟವು 1946ರಿಂದ 1951ರ ವರೆಗೆ ನಡೆದು, ಪಕ್ಷದ ಮುಂದಾಳುಗಳು ಭೂಗತರಾದರು ಇಲ್ಲವೆ ಸೆರೆಮನೆ ಸೇರಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದಾಗ, ಕಾರ್ಖಾನೆಯ ಕೂಲಿಯ ಪ್ರಶ್ನೆಗೂ ಹಳ್ಳಿಯ ಬಂದೂಕಿನ ಪ್ರಶ್ನೆಗೂ ಸಂಬಂಧವೇನೆಂದು ಕೇಳುವ ಅವಕಾಶ ಕೂಲಿಕಾರನಿಗೆ ಇರಲಿಲ್ಲ. ಬರಿದಾದ ಆ ಸ್ಥಳಕ್ಕೆ ಪ್ರತಿಸ್ಪರ್ಧಿಗಳು ಬಂದರು.

ಪ್ರತಿಸ್ಪರ್ಧಿಗಳಲ್ಲಿ ಮುಖ್ಯವಾದುದು ರಾಷ್ಟ್ರೀಯ ಮಜ್ದೂರ್ ಕಾಂಗ್ರೆಸ್ಸು, ಎಂದರೆ ಜನರು ಇಂಟಕ್ ಎನ್ನುವ ಸಂಸ್ಥೆ. ಇದು 1947ನೆಯ ಮೇ 3ರಂದು ದೆಹಲಿಯಲ್ಲಿ, ವಲ್ಲಭಭಾಯಿ ಪಟೇಲ, ಗುಲ್ಜಾರಿಲಾಲ ನಂದಾ ಮುಂತಾದ ಕಾಂಗ್ರೆಸ್ ನಾಯಕರ ಪ್ರೋತ್ಸಾಹದಿಂದ ಹುಟ್ಟಿತು. ಇದಕ್ಕೆ ಆದರ್ಶವಾಗಿದ್ದುದು ಗಾಂಧಿಯವರ ಮಾರ್ಗದರ್ಶನದಲ್ಲಿ 1920ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಮಜೂರ್ ಮಹಾಜನ. ಇಲ್ಲಿ ಶಬ್ದದ ಕಡೆಗೆ ಸ್ವಲ್ಪ ತಿರುಗಬೇಕು. ಗುಜರಾತದಲ್ಲಿ 'ಮಹಾಜನ'ವೆಂದರೆ ವರ್ತಕರ ಕೂಟ. ನಮ್ಮ ಶಾಸನಗಳಲ್ಲಿ ಅದೇ ಶಬ್ದವು ಅಗ್ರಹಾರದ ಬ್ರಾಹ್ಮಣರ ಸಭೆ. ಒಡೆಯರ ಕೂಟದ ಹೆಸರನ್ನು ಕೂಲಿಕಾರರ ಕೂಟಕ್ಕೆ ಇಟ್ಟುದರಲ್ಲಿ ಒಡೆಯನೂ ಆಳೂ ಒಂದೇ ಕುಟುಂಬವೆಂಬ ಗಾಂಧಿಯವರ ಭಾವನೆಯೇ ಅಡಗಿದೆ. 'ಮಜ್ದೂರ್' ಎಂಬುದು ಪಾರಸೀಕ ಶಬ್ದವೆಂದು ಮೂಗು ಮುರಿಯುವ ಶುದ್ಧಿವಾದಿಗಳುಂಟು. ಅದರ ಮೂಲವಾದ 'ಮುಜ್ದ್', ಎಂದರೆ ಕೂಲಿ, ಅವೆಸ್ತಾದ 'ಮಿಜ್ದ'ಕ್ಕೆ ಸಂಬಂಧಿಸಿದುದಾಗಿ, ಋಗ್ವೇದದ 'ಮೀಳ್ಹ' ಶಬ್ದಕ್ಕೆ ಸಹೋದರನೆಂಬುದನ್ನು ಅವರು ನೆನೆಯಲಿ. ವೇದದಲ್ಲಿ ಅದಕ್ಕೆ ಸ್ಪರ್ಧೆಯಲ್ಲಿ ಗೆದ್ದ ಬಹುಮಾನವೆಂದು ಅರ್ಥ. ಪಾರಸಿಯಲ್ಲಿ ಅದು ದಿನಗೂಲಿಗೆ ಇಳಿಯಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಒಂದೇ ಅಚ್ಚಿನದು. ಸಮಾಜವಾದಿಗಳು 1948ರಲ್ಲಿ ಕಾಂಗ್ರೆಸ್ ಪಕ್ಷವನ್ನು ಬಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಂದ್ ಮಜ್ದೂರ್ ಸಭೆಯು ಹುಟ್ಟಿ, ರಾಯರ ಹಿಂದಿನ ಫೆಡರೇಷನ್ನನ್ನೂ ತನ್ನೊಳಗೆ ಸೇರಿಸಿಕೊಂಡಿತು. ಎರಡರಲ್ಲಿಯೂ ನಿಲ್ಲದ ಎಡಪಂಥೀಯರು 1949ರಲ್ಲಿ ಯುನೈಟೆಡ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಮಾಡಿಕೊಂಡರು. ಹೆಸರಿನಲ್ಲಿ 'ಐಕ್ಯ'ವಿರುವುದು ಒಡೆದು ಬಂದ ಸಂಸ್ಥೆಗೇ ಎಂಬುದು ವಿನೋದ. 1955ನೆಯ ಜುಲೈ 23ರಂದು ಭೋಪಾಲದಲ್ಲಿ ದತ್ತೋಪಂತ ಠೇಂಗಡಿಯವರು ಭಾರತೀಯ ಮಜ್ದೂರ್ ಸಂಘವನ್ನು ಸ್ಥಾಪಿಸಿದರು. 1964ರಲ್ಲಿ ಕಮ್ಯೂನಿಸ್ಟ್ ಪಕ್ಷವು ಇಬ್ಭಾಗವಾಯಿತು, 1970ರಲ್ಲಿ ಸಿ.ಐ.ಟಿ.ಯು. ಬೇರೆಯಾಯಿತು. ಈ ಕೊನೆಯ ಭೇದದಲ್ಲಿ ಒಂದು ವಿಶೇಷವಿದೆ. ಪಕ್ಷವು ಒಡೆದ ಮೇಲೆಯೂ ಆರು ವರ್ಷಗಳ ಕಾಲ ಮಹಾಸಂಘವು ಒಂದಾಗಿಯೇ ಉಳಿದಿತ್ತು. ಭೇದವು ಕೆಳಗಿನಿಂದ ಮೇಲಕ್ಕೆ ಹೋದುದಾದರೆ ಮೊದಲು ಒಡೆಯಬೇಕಾದುದು ಸಂಘ, ಅನಂತರ ಪಕ್ಷ. ಆದುದು ವಿಪರ್ಯಾಸ. 1929ರದನ್ನು ಬಿಟ್ಟರೆ (ಅಲ್ಲಿ ಕಾರ್ಮಿಕರ ವಿಷಯವಾದ ಕಮಿಷನ್ನಿನ ಪ್ರಶ್ನೆಯಾದರೂ ಇತ್ತು) ಉಳಿದ ಭೇದಗಳೆಲ್ಲ ಮೇಲಿನಿಂದ ಇಳಿದು ಬಂದುವು. ಜಗತ್ತಿನಲ್ಲಿಯೂ ಹೀಗೆಯೇ: 1945ರಲ್ಲಿ ಒಂದಾಗಿ ಹುಟ್ಟಿದ ವಿಶ್ವ ಕಾರ್ಮಿಕ ಮಹಾಸಂಘವು 1949ರಲ್ಲಿ ರಷ್ಯ ಅಮೆರಿಕಗಳ ವೈರದಿಂದ ಎರಡಾಯಿತು.

ಈಗ ಹಳೆಯ ಗ್ರಂಥಗಳನ್ನು ಕೇಳೋಣ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕಂಡು 1909ರಲ್ಲಿ ಬೆಳಕಿಗೆ ತಂದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರ ಮೂರನೆಯ ಅಧಿಕರಣದಲ್ಲಿ 'ಸಂಘಭೃತ'ರೆಂಬ ಮಾತು ಬರುತ್ತದೆ. ಗುಂಪಾಗಿ ಕೂಲಿಗೆ ನಿಂತವರು ಸಂಬಳವನ್ನು ಒಪ್ಪಂದದಂತೆ ಅಥವಾ ಸಮವಾಗಿ ಹಂಚಿಕೊಳ್ಳಬೇಕೆಂಬುದು ಅಲ್ಲಿಯ ವಿಧಿ. ವೇತನ, ಸಂಘ ಎಂಬೆರಡು ಪ್ರಕರಣಗಳು ಒಂದನ್ನೊಂದು ಮುಟ್ಟುವ ಅಪೂರ್ವವಾದ ಸ್ಥಳವಿದು. ಆದರೆ ಹನ್ನೊಂದನೆಯ ಅಧಿಕರಣವಾದ ಸಂಘವೃತ್ತವನ್ನು ತೆರೆದರೆ ಅದೇ ಆಚಾರ್ಯನು ರಾಜನ ಗೂಢಚಾರರು ಸಂಘಗಳೊಳಗೆ ಹೊಕ್ಕು, ಅಸೂಯೆಯ ಬೀಜವನ್ನು ಬಿತ್ತಿ, ಮುಖ್ಯರನ್ನು ಪರಸ್ಪರ ಎತ್ತಿಕಟ್ಟುವ ಉಪಾಯಗಳನ್ನು ವಿಸ್ತಾರವಾಗಿ ಕಲಿಸುತ್ತಾನೆ. ಅಲ್ಲಿಯ ಸಂಘಗಳು ಗಣರಾಜ್ಯಗಳು, ಕೂಲಿಕಾರರಲ್ಲ; ಉಪಾಯವು ಮಾತ್ರ ಹಳತಾಗಿಲ್ಲ.

ಯಾಜ್ಞವಲ್ಕ್ಯನು ಇದೇ ಭೇದಶಬ್ದವನ್ನು ತೀರ ಬೇರೆ ರೀತಿಯಲ್ಲಿ ಬಳಸುತ್ತಾನೆ. ಸಂವಿದ್ವ್ಯತಿಕ್ರಮ ಪ್ರಕರಣದ ಕೊನೆಯಲ್ಲಿ ಶ್ರೇಣಿ, ನೈಗಮ, ಪಾಷಂಡಿ, ಗಣಗಳ ಭೇದವನ್ನು ಅರಸನು 'ರಕ್ಷಿಸ'ಬೇಕೆಂದಿದೆ. ಒಡಕಿನಿಂದ ಕಾಪಾಡಬೇಕೆಂದು ಅರ್ಥಮಾಡುವುದು ಮೊದಲ ನೋಟಕ್ಕೆ ಸಹಜ. ಮಿತಾಕ್ಷರೆಯು ಹಾಗೆ ಹೇಳುವುದಿಲ್ಲ. ಭೇದವೆಂದರೆ ಆಯಾ ಸಮೂಹದ ಧರ್ಮವ್ಯವಸ್ಥೆ, ಎಂದರೆ ಇತರರಿಂದ ಅವರನ್ನು ಬೇರ್ಪಡಿಸುವ ಅವರದೇ ಆದ ಕಟ್ಟಳೆ. ಅದನ್ನು ಅರಸನು ಉಳಿಸಿಕೊಡಬೇಕು ಎಂದು ಅಲ್ಲಿಯ ಅಭಿಪ್ರಾಯ. ವಿಜ್ಞಾನೇಶ್ವರನ ಅರ್ಥವೇ ಪ್ರಕರಣಕ್ಕೆ ಹೊಂದುವುದೆಂದು ನನಗೆ ತೋರುತ್ತದೆ. ಹೀಗಾದರೆ ಭೇದವು ಎರಡು ಬಗೆಯಾಯಿತು: ಹೊರಗಿನವನು ತಂದುಹಾಕುವ ಒಡಕು ಒಂದು, ಒಳಗಿನಿಂದ ಬೆಳೆದ ವಿಶಿಷ್ಟತೆ ಇನ್ನೊಂದು. ಗಣಿಯಲ್ಲಿ ಕಲ್ಲು ಒಡೆಯುವವನಿಗೂ, ಕುಲುಮೆಯ ಕಾವಿನಲ್ಲಿ ನಿಲ್ಲುವವನಿಗೂ, 50 ಕಿಲೋ ತೂಕದ ಚೀಲಗಳನ್ನು ಲಾರಿಗೆ ಏರಿಸುವವನಿಗೂ ಬೇರೆಬೇರೆ ಸಂಘಗಳಿದ್ದರೆ ಅದು ಯಾಜ್ಞವಲ್ಕ್ಯನು ರಕ್ಷಿಸೆಂದ ಭೇದ. ಒಂದೇ ಕೆಲಸದ ಮೂವರು ಮೂರು ಪಕ್ಷಗಳ ಹೆಸರಿನಲ್ಲಿ ಬೇರೆಯಾದರೆ ಅದು ಕೌಟಿಲ್ಯನ ಭೇದ.

ಬೌದ್ಧರಲ್ಲಿ ಸಂಘಭೇದವು ಅತಿ ಘೋರವಾದ ಐದು ಪಾಪಗಳಲ್ಲೊಂದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವೂ, ನೆರೆಯ ಕನಗನಹಳ್ಳಿಯಲ್ಲಿ ಮಹಾಸ್ತೂಪವೂ ದೊರೆತಿರುವುದರಿಂದ ಈ ಮಾತು ಇಲ್ಲಿ ಅಪ್ರಕೃತವಾಗಲಾರದು. ಸಾರನಾಥ, ಸಾಂಚಿ, ಕೌಶಾಂಬಿಗಳ ಶಾಸನಗಳಲ್ಲಿ ಅಶೋಕನು ಸಂಘವನ್ನು ಒಡೆಯುವ ಭಿಕ್ಷುವಿಗೆ ಬಿಳಿಯ ಬಟ್ಟೆಯುಡಿಸಿ ವಿಹಾರದಿಂದ ಹೊರಗಿಡಬೇಕೆಂದು ವಿಧಿಸಿದ್ದಾನೆ. ವಿನಯಪಿಟಕದ ಲೆಕ್ಕ ಇನ್ನೂ ಸೂಕ್ಷ್ಮ: ಎಂಟು ಮಂದಿಯ ವರೆಗಿನ ಜಗಳವು ಬಿರುಕು ಮಾತ್ರ; ಒಂಬತ್ತು ಮಂದಿಯಿದ್ದರೆ ಅದು ಸಂಘಭೇದ. ನಮ್ಮ 1926ರ ಟ್ರೇಡ್ ಯೂನಿಯನ್ ಕಾಯಿದೆಯು ಏಳು ಮಂದಿಗೇ ಒಂದು ಸಂಘವನ್ನು ನೋಂದಾಯಿಸುವ ಅಧಿಕಾರ ಕೊಟ್ಟಿತು!

ಭೇದಕ್ಕೆ ಕಾನೂನು ಬಾಗಿಲು ತೆರೆದುದು ಇಷ್ಟರಿಂದಲೇ ಅಲ್ಲ. ಅದೇ ಕಾಯಿದೆಯ ಪ್ರಕಾರ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಮಾತ್ರ ಆ ಉದ್ಯೋಗದವರಾಗಿದ್ದರೆ ಸಾಕಾಗಿತ್ತು. ಉಳಿದವರು ವಕೀಲರಾಗಲಿ ಪಕ್ಷದ ಕಾರ್ಯಕರ್ತರಾಗಲಿ ಆಗಬಹುದಿತ್ತು. ಇದನ್ನು ಸುಮ್ಮನೆ ನಿಂದಿಸುವುದು ನ್ಯಾಯವಲ್ಲ. ಓದುಬರಹವಿಲ್ಲದ, ಬಾಯಿ ತೆರೆದರೆ ಕೆಲಸ ಹೋಗುವ ಕೂಲಿಕಾರನಿಗೆ ಹೊರಗಿನವನ ಹೊರತು ಬೇರೆ ನಾಲಗೆ ಇರಲಿಲ್ಲ. ಯಾಜ್ಞವಲ್ಕ್ಯನು ಸಮೂಹದ ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆನ್ನುತ್ತಾನೆಯೇ ಹೊರತು ಅದೇ ಕಸುಬಿನವರಾಗಿರಬೇಕೆಂದು ಹೇಳುವುದಿಲ್ಲ. ಗುಲಬರ್ಗೆಯಲ್ಲಿಯೇ ಮಲ್ಲಿಕಾರ್ಜುನ ಖರ್ಗೆಯವರು 1969ರಲ್ಲಿ ಎಂ.ಎಸ್.ಕೆ. ಗಿರಣಿಯ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾಗಿ, ಸಂಯುಕ್ತ ಮಜ್ದೂರ್ ಸಂಘದ ಮುಂದಾಳುವಾಗಿ ದುಡಿದು, 1972ರಲ್ಲಿ ಶಾಸನಸಭೆಗೂ 2022ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪದವಿಗೂ ಏರಿದರು. ಪಕ್ಷದಿಂದ ಸಂಘಕ್ಕೆ ಇಳಿಯುವ ದಾರಿಯಂತೆಯೇ ಸಂಘದಿಂದ ಪಕ್ಷಕ್ಕೆ ಏರುವ ದಾರಿಯೂ ಇದೆಯೆಂಬುದಕ್ಕೆ ಇದು ನಿದರ್ಶನ.

ಹೆಚ್ಚಿನ ದೋಷವಿದ್ದುದು ಮನ್ನಣೆಯ ವಿಷಯದಲ್ಲಿ. ಅನೇಕ ಸಂಘಗಳಿದ್ದಲ್ಲಿ ಮಾಲಿಕನು ಯಾರೊಡನೆ ಮಾತಾಡಬೇಕೆಂಬುದಕ್ಕೆ ಕೇಂದ್ರದ ಕಾನೂನೇ ಇರಲಿಲ್ಲ. 1947ರಲ್ಲಿ ಒಂದು ತಿದ್ದುಪಡಿಯಾಯಿತು, ಜಾರಿಗೆ ಬರಲಿಲ್ಲ. 1958ರ ಶಿಸ್ತಿನ ಸಂಹಿತೆಯು ಸ್ವಯಿಚ್ಛೆಯ ಒಪ್ಪಂದವಷ್ಟೆ. ಸದಸ್ಯರನ್ನು ಎಣಿಸಿದ ಸರಕಾರಿ ಲೆಕ್ಕಗಳು ಕಾಲಕ್ಕೆ ತಕ್ಕಂತೆ ತಿರುಗಿದುವು: 1946ರ ವಿಚಾರಣೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಅತ್ಯಂತ ಪ್ರಾತಿನಿಧಿಕವೆನಿಸಿತು; ಎರಡೇ ವರ್ಷಗಳಲ್ಲಿ ಆ ಸ್ಥಾನ ಇಂಟಕ್ಕಿಗೆ ಸಂದಿತು; 2002ನ್ನು ಆಧಾರವಾಗಿಟ್ಟ ಪರಿಶೀಲನೆಯಲ್ಲಿ ಸುಮಾರು 62 ಲಕ್ಷ ಸದಸ್ಯರೊಡನೆ ಭಾರತೀಯ ಮಜ್ದೂರ್ ಸಂಘವು ಮೊದಲನೆಯದಾಯಿತು. ಏಳು ಮಂದಿಯ ನಿಯಮವನ್ನು 2001ರ ತಿದ್ದುಪಡಿಯು ಬಿಗಿಮಾಡಿ, ನೂರಕ್ಕೆ ಹತ್ತು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಬೆಂಬಲ ಬೇಕೆಂದಿತು. ಕೊನೆಗೆ 2020ರಲ್ಲಿ ಅಂಗೀಕೃತವಾಗಿ 2025ನೆಯ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಮನ್ನಣೆಗೆ ನಿಯಮವನ್ನು ಮಾಡಿತು. ಕಾರ್ಖಾನೆಯ ಹಾಜರಿಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘವು ಏಕಮಾತ್ರ ಸಂಧಾನಸಂಘ. ಯಾವುದಕ್ಕೂ ಅಷ್ಟು ಬಲವಿಲ್ಲದಿದ್ದರೆ ನೂರಕ್ಕೆ 20ರಷ್ಟು ಬಲವುಳ್ಳ ಸಂಘಗಳ ಪ್ರತಿನಿಧಿಗಳು ಕೂಡಿ ಸಂಧಾನಮಂಡಲಿ.

ಈ ಸಂಹಿತೆಗಳನ್ನು ರದ್ದುಮಾಡಬೇಕೆಂದು 2025ನೆಯ ಜುಲೈ 9ರಂದು ಹತ್ತು ಕೇಂದ್ರ ಸಂಘಗಳು ಸಾರ್ವತ್ರಿಕ ಮುಷ್ಕರ ಹೂಡಿದುವು. 1947ರಲ್ಲಿ ಬೇರೆಯಾದ ಇಂಟಕ್ಕೂ ಅದರ ಮೂಲಸಂಸ್ಥೆಯೂ, 1970ರಲ್ಲಿ ಬೇರೆಯಾದವರೂ ಒಂದೇ ಕಡೆ ನಿಂತರು. ಭಾರತೀಯ ಮಜ್ದೂರ್ ಸಂಘವು ಸೇರಲಿಲ್ಲ. ಹೊಸ ಭೇದರೇಖೆಯೂ ಪಕ್ಷರೇಖೆಯನ್ನೇ ಅನುಸರಿಸಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಕಾಣುವ ತೊಡಕು ಇನ್ನೊಂದಿದೆ. ಎಣಿಕೆಗೆ ಬರುವವರು ಕಾರ್ಖಾನೆಯ ಹಾಜರಿಪಟ್ಟಿಯವರು. ಗಣಿಯಲ್ಲಿ, ಚೀಲ ತುಂಬುವಲ್ಲಿ, ಹೊರೆ ಏರಿಸುವಲ್ಲಿ ದುಡಿಯುವ ಗುತ್ತಿಗೆಯವರ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿರುತ್ತದೆ. ಅವರು ಇಂದು ಇಲ್ಲಿ, ನಾಳೆ ಮತ್ತೊಂದು ಊರಿನಲ್ಲಿ, ನಾನಾ ಜಾತಿಗಳವರು, ನಿಯತವೃತ್ತಿಯಿಲ್ಲದವರು, ಮೈಯ ದುಡಿಮೆಯಿಂದ ಬದುಕುವವರು. ಪತಂಜಲಿಯು ಹೇಳಿದ ವ್ರಾತದ ಲಕ್ಷಣವು ಅಕ್ಷರಶಃ ಯಾರಿಗೆ ಅನ್ವಯಿಸುವುದೋ ಅವರೇ 51ರಲ್ಲಿಯೂ ಇಲ್ಲ, 20ರಲ್ಲಿಯೂ ಇಲ್ಲ. ಖಾಯಂ ನೌಕರರ ಸಂಘವು, ಅದು ಯಾವ ಬಣ್ಣದ್ದಾದರೂ, ಮೆಲ್ಲಮೆಲ್ಲನೆ ನಾಸಿಕದ ಶ್ರೇಣಿಯಂತಾಗುವ ಅಪಾಯವಿದೆ: ತನ್ನವರಿಗೆ ಕಟ್ಟಳೆ, ಹೊರಗಿನವರಿಗೆ ಬಾಗಿಲು.

ಆ ಇಬ್ಬರು ತರುಣರಿಗೂ ನಾನು ಮರಳಿ ಹೇಳಿಕಳುಹಿಸಿದೆನು, ಶ್ರೇಣಿಯನ್ನು ಬಿಟ್ಟು ವ್ರಾತವೆಂದು ಬರೆಯಿರಿ, ಅದೇ ನಿಮ್ಮ ನಿಜವಾದ ಹೆಸರು ಎಂದು. ಮೊದಲನೆಯವನು ಬಂದು ವಿನಯದಿಂದ ಹೇಳಿದನು: ಹಾಗೆ ಅಚ್ಚು ಹಾಕಿಸಿದರೆ ಜನರು 'ವ್ರತ'ವೆಂದು ಓದಿ ಉಪವಾಸ ಸತ್ಯಾಗ್ರಹವೆಂದು ತಿಳಿಯುವರಂತೆ. ಎರಡನೆಯವನು ಬರಲಿಲ್ಲ. ಎರಡು ಹಸ್ತಪತ್ರಿಕೆಗಳೂ ಶ್ರೇಣಿಯೆಂದೇ ಅಚ್ಚಾಗಿ ಬಂದು ನನ್ನ ಮೇಜಿನ ಮೇಲಿವೆ.